ಮನೆಯೊಳಗಿನ ಕ್ಯಾಮೆರಾ, ವೈಫೈ, ಟಿವಿ, ಸ್ಪೀಕರ್: ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಅದಕ್ಕೇ ಮದುವೆಗೆ ಹೋದರೂ, ನಾಮಕರಣಕ್ಕೆ ಹೋದರೂ, ಊಟ ಮುಗಿಯುವಷ್ಟರಲ್ಲಿ ಯಾರಾದರೂ ಫೋನ್ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂರುತ್ತಾರೆ. "ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರೋದು, ಒಂದು ಕ್ಯಾಮೆರಾ ಹಾಕಿಸೋಣ ಅಂತಿದ್ದೀನಿ, ಯಾವುದು ಒಳ್ಳೇದು?" ಒಂದು ಕಂಪನಿಯ ಹೆಸರು ಹೇಳಿ ಕಳಿಸಿಬಿಡಬಹುದು. ಆದರೆ ಕೇಳಬೇಕಾದ ಬೇರೆ ಪ್ರಶ್ನೆಗಳು ತುಂಬಾ ಇವೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಮನೇಲಿ ಕದಿಯೋಕೆ ಏನಿದೆ? ನಮ್ಮನ್ನು ಯಾರು ಹ್ಯಾಕ್ ಮಾಡ್ತಾರೆ?

ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ, ನಿಜ. ಬರುವುದು ಒಂದು ಪ್ರೋಗ್ರಾಂ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಬಾಗಿಲನ್ನೆಲ್ಲ ತಟ್ಟುತ್ತಾ ಹೋಗುತ್ತದೆ, ತೆಗೆದ ಕಡೆ ನುಗ್ಗುತ್ತದೆ. ಮನೆ ತಿಪಟೂರಿನದೋ ಟೋಕಿಯೊದ್ದೋ ಅದಕ್ಕೆ ಬೇಕಾಗಿಲ್ಲ.

2016ರಲ್ಲಿ ಮಿರಾಯ್ ಅನ್ನುವ ಪ್ರೋಗ್ರಾಂ ಮಾಡಿದ್ದು ಇದನ್ನೇ. ಅದರ ಹತ್ತಿರ ಇದ್ದದ್ದು ಅರವತ್ತು ಚಿಲ್ಲರೆ ಯೂಸರ್ ಹೆಸರು, ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಕಾರ್ಖಾನೆಯಿಂದ ಬರುವಾಗಲೇ ಇರುತ್ತಲ್ಲ, ಅಡ್ಮಿನ್ ಅಡ್ಮಿನ್ ಅನ್ನೋ ತರದ್ದು, ಅವು. ಆ ಪಟ್ಟಿ ಹಿಡಿದುಕೊಂಡೇ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳನ್ನು ಹಿಡಿತಕ್ಕೆ ತೆಗೆದುಕೊಂಡಿತು. ಅಕ್ಟೋಬರ್ 21ರಂದು ಅಂಥ ಸಾಮಾನುಗಳು ಸೇರಿ ಅಮೆರಿಕದ ಡಿನ್ ಅನ್ನುವ, ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಕಂಪನಿಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಬರೆದವರು ಮೂವರು ಹುಡುಗರು. ಶುರುವಾಗಿದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸುವವರ ಪೈಪೋಟಿಯಿಂದ. ಕ್ಯಾಮೆರಾದ ಹಿಡಿತ ಕಳೆದುಕೊಂಡವರಿಗೆ ವಿಷಯವೇ ಗೊತ್ತಿರಲಿಲ್ಲ, ಯಾಕೆಂದರೆ ಚಿತ್ರ ಎಂದಿನಂತೆ ಬರುತ್ತಲೇ ಇತ್ತು.

ಅದು ಬೇರೆಯವರಿಗೆ ಆದ ತೊಂದರೆ ಅಂತೀರಾ? ನಮ್ಮ ದೇಶದ್ದೇ ಕೇಳಿ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾದಿಂದ ಹೆಂಗಸರ ತಪಾಸಣೆಯ ದೃಶ್ಯಗಳು ಹೊರಬಿದ್ದವು. ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಾಟವಾದವು. ಆ ಕ್ಯಾಮೆರಾದ ಪಾಸ್‌ವರ್ಡ್ ಅಡ್ಮಿನ್123 ಆಗಿತ್ತು ಅಂತ ವರದಿಗಳು ಬಂದವು. ಅದೇ ವರ್ಷದ ಕೊನೆಯಲ್ಲಿ ದಕ್ಷಿಣ ಕೊರಿಯಾದ ಪೊಲೀಸರು ನಾಲ್ವರನ್ನು ಹಿಡಿದರು. ಅವರು ಕೈ ಹಾಕಿದ್ದ ಕ್ಯಾಮೆರಾಗಳು 1,20,000. ಅವುಗಳಲ್ಲಿ ಮನೆಗಳ ಕ್ಯಾಮೆರಾಗಳೂ ಇದ್ದವು. ಕದಿಯಲು ಮನೆಯಲ್ಲಿ ಚಿನ್ನವೇ ಇರಬೇಕಾಗಿಲ್ಲ.

ಯಾವ ಯಾವ ಸಾಮಾನಿನ ಬಗ್ಗೆ ಯೋಚನೆ ಮಾಡಬೇಕು?

ವೈಫೈಗೆ ಸೇರಿದ್ದೆಲ್ಲ. ಕ್ಯಾಮೆರಾ, ಬಾಗಿಲಿನ ವಿಡಿಯೊ ಬೆಲ್, ಟಿವಿ, ಸ್ಪೀಕರ್, ಮಗುವಿನ ತೊಟ್ಟಿಲ ಹತ್ತಿರದ ಮಾನಿಟರ್, ನೆಲ ಗುಡಿಸುವ ರೋಬೋ, ಬಲ್ಬು, ಪ್ಲಗ್ಗು, ಎಸಿ. ಮೊದಲು ಕಣ್ಣು ಮತ್ತು ಕಿವಿ ಇರುವ ಸಾಮಾನು ನೋಡಿ. ಬಲ್ಬು ಆಮೇಲೆ ನೋಡಿದರೂ ನಡೆಯುತ್ತದೆ. ರೂಟರ್ ಎಲ್ಲಕ್ಕಿಂತ ಮೊದಲು.

ಕ್ಯಾಮೆರಾ ಒಳಗೆ ಹೊರಗಿನವರು ನಿಜವಾಗಿ ಹೇಗೆ ಬರ್ತಾರೆ?

ಸಿನಿಮಾದಲ್ಲಿ ತೋರಿಸುವ ಹಾಗೆ ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಓಡುವುದೇನೂ ಇಲ್ಲ. ಸಾಮಾನ್ಯವಾಗಿ ನಾಲ್ಕೈದು ದಾರಿ.

ಒಂದು, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟಿರುವುದು. ಮಿರಾಯ್ ಬಂದದ್ದು ಅದೇ ದಾರಿಯಲ್ಲಿ.

ಇನ್ನೊಂದು, ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಟ್ಟಿರುವುದು. ಯಾವುದೋ ಶಾಪಿಂಗ್ ಆ್ಯಪ್‌ನಿಂದ ನಿಮ್ಮ ಇಮೇಲ್, ಪಾಸ್‌ವರ್ಡ್ ಸೋರಿ ಹೋಗಿರುತ್ತದೆ, ಅದನ್ನೇ ಕ್ಯಾಮೆರಾ ಆ್ಯಪ್‌ನಲ್ಲಿ ಹಾಕಿ ನೋಡುತ್ತಾರೆ, ಕೂತುಬಿಡುತ್ತದೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಎಂಟು ವರ್ಷದ ಹುಡುಗಿಯ ಕೋಣೆಯಲ್ಲಿದ್ದ ರಿಂಗ್ ಅನ್ನುವ ಕಂಪನಿಯ ಕ್ಯಾಮೆರಾದಿಂದ ಒಬ್ಬ ಗಂಡಸಿನ ದನಿ ಬಂತು. ನಾನು ಸಾಂಟಾಕ್ಲಾಸ್ ಅಂತ ಮಗುವನ್ನು ಮಾತಾಡಿಸಿದ. ಕ್ಯಾಮೆರಾ ತಂದು ನಾಲ್ಕೇ ದಿನ ಆಗಿತ್ತು. ಇಂಥ ಘಟನೆಗಳು ಆಗಿದ್ದು ಬೇರೆಡೆ ಸೋರಿದ ಪಾಸ್‌ವರ್ಡ್‌ನಿಂದ ಅಂತ ಕಂಪನಿ ಹೇಳಿತು. ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಹಾಕಿದ ಮೇಲೆ ಫೋನಿಗೆ ಒಂದು ಕೋಡ್ ಬರುತ್ತಲ್ಲ, ಅದು ಆನ್ ಇದ್ದಿದ್ದರೆ ಬರೀ ಪಾಸ್‌ವರ್ಡ್ ಇಟ್ಟುಕೊಂಡು ಒಳಗೆ ಬರುವುದು ಬಹಳ ಕಷ್ಟ. ನಿಮ್ಮ ಆ್ಯಪ್‌ನಲ್ಲಿ ಇದೆಯಾ ನೋಡಿ. ಇದ್ದರೆ ಆನ್ ಮಾಡಿ.

ಮೂರನೆಯದು, ದೂರದಿಂದ ನೋಡಲು ಸುಲಭವಾಗಲಿ ಅಂತ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಗೆ ಬರುವ ದಾರಿ, ತೆರೆದಿಡುವುದು. ಹಳೇ ಕಾಲದ ಡಿವಿಆರ್‌ಗಳಿಗೆ, ಅಂದರೆ ಕ್ಯಾಮೆರಾದ ರೆಕಾರ್ಡರ್‌ಗಳಿಗೆ, ಇದನ್ನು ಮಾಡಿಕೊಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ಇದು ಹಿತ್ತಲ ಬಾಗಿಲು ತೆರೆದಿಟ್ಟು ಮುಂದಿನ ಬಾಗಿಲಿಗೆ ಎರಡು ಬೀಗ ಹಾಕಿದ ಹಾಗೆ. ಹೀಗೆ ತೆರೆದಿರುವ ಸಾಮಾನುಗಳನ್ನು ಪಟ್ಟಿ ಮಾಡಿ ತೋರಿಸುವ ಶೋಡಾನ್ ಅನ್ನುವ ಹುಡುಕು ಯಂತ್ರವೇ 2009ರಿಂದ ಇದೆ.

ಆಮೇಲೆ, ಅಪ್‌ಡೇಟ್ ಮಾಡದ ಸಾಫ್ಟ್‌ವೇರ್.

ಕೊನೆಯದು ನಿಮ್ಮ ಕೈಯಲ್ಲಿ ಇಲ್ಲ: ಕಂಪನಿಯೇ ಎಡವುವುದು. 2024ರ ಫೆಬ್ರವರಿಯಲ್ಲಿ ವೈಜ್ ಕ್ಯಾಮೆರಾ ಇಟ್ಟುಕೊಂಡಿದ್ದ ಸುಮಾರು 13,000 ಜನರಿಗೆ ತಮ್ಮ ಆ್ಯಪ್‌ನಲ್ಲಿ ಬೇರೆಯವರ ಮನೆಯ ಚಿತ್ರ ಕಾಣಿಸಿತು. 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ರಿಂಗ್ ಮೇಲೆ ಕ್ರಮ ತೆಗೆದುಕೊಂಡು 58 ಲಕ್ಷ ಡಾಲರ್ ಕಟ್ಟಿಸಿತು. ಅಲ್ಲಿನ ಒಬ್ಬ ನೌಕರ ಹೆಂಗಸರ ಮನೆಯ ಸಾವಿರಾರು ವಿಡಿಯೊ ಕೂತು ನೋಡಿದ್ದ ಅನ್ನುವುದೂ ಆ ದೂರಿನಲ್ಲಿತ್ತು. ಅದಕ್ಕೇ ಹೇಳುವುದು, ಮಲಗುವ ಕೋಣೆ, ಬಟ್ಟೆ ಬದಲಿಸುವ ಜಾಗದಲ್ಲಿ ಎಂಥ ಒಳ್ಳೇ ಕಂಪನಿಯ ಕ್ಯಾಮೆರಾ ಆದರೂ ಬೇಡ. ತೆಗೆಯದೇ ಇದ್ದ ಚಿತ್ರ ಸೋರುವುದಿಲ್ಲ.

ಕ್ಯಾಮೆರಾ ಹಾಕಿಕೊಟ್ಟ ಹುಡುಗನೇ ಪಾಸ್‌ವರ್ಡ್ ಇಟ್ಟಿದ್ದಾನೆ. ಪರವಾಗಿಲ್ವಾ?

ಇಲ್ಲ, ಹಾಗೆ ಬಿಡಬಾರದು. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ತಿಪಟೂರಿನ ಮನೆಯಲ್ಲಿ ಒಬ್ಬರೇ. ಅಣ್ಣ ಅಮೆರಿಕದಲ್ಲಿ, ನಾನು ಇಲ್ಲಿ. ಅಣ್ಣನ ಒತ್ತಾಯಕ್ಕೆ ಊರಿನ ಒಬ್ಬ ಹುಡುಗನನ್ನು ಕರೆಸಿ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಚೆನ್ನಾಗಿ ಕೆಲಸ ಮಾಡಿದ, ವೈರು ಗೋಡೆಗೆ ನೀಟಾಗಿ ಹೊಡೆದ. ನಮ್ಮಿಬ್ಬರ ಫೋನಿನಲ್ಲೂ ಆ್ಯಪ್ ಹಾಕಿಕೊಟ್ಟ. ಮುಂದಿನ ವರ್ಷ ಗೌರಿ ಹಬ್ಬಕ್ಕೆ ಹೋದಾಗ ರೆಕಾರ್ಡಿಂಗ್ ನಿಂತಿದೆ ಅಂತ ಆ್ಯಪ್‌ನ ಸೆಟ್ಟಿಂಗ್ ತೆಗೆದು ನೋಡಿದೆ. ಯಾರ ಯಾರ ಜೊತೆ ಹಂಚಿಕೊಂಡಿದೆ ಅನ್ನುವ ಪಟ್ಟಿಯಲ್ಲಿ ಅಣ್ಣ ಇದ್ದ, ನಾನಿದ್ದೆ. ಮಾಲೀಕ ಅನ್ನುವ ಜಾಗದಲ್ಲಿ ಆ ಹುಡುಗನ ಇಮೇಲ್ ಇತ್ತು. ಅಂದರೆ ಇಡೀ ವರ್ಷ ನಮ್ಮ ಮನೆಯ ನಡುಮನೆ ಅವನ ಫೋನಿನಲ್ಲಿತ್ತು. ನಾವಿಬ್ಬರೂ ಅವನ ಅತಿಥಿಗಳು.

ಫೋನ್ ಮಾಡಿದೆ. "ಸರ್ವಿಸ್‌ಗೆ ಅನುಕೂಲ ಆಗ್ಲಿ ಅಂತ ಅಕ್ಕ, ಎಲ್ಲರ ಮನೇದೂ ಹಂಗೇ ಇಟ್ಟಿದ್ದೀನಿ" ಅಂದ. ಎಷ್ಟು ಮನೆ ಅಂತ ಕೇಳಿದೆ. "ಎಂಭತ್ತು ಆಗಬಹುದು." ಅವನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಅಂತಲೇ ನಂಬುತ್ತೇನೆ. ಆದರೆ ಎಂಭತ್ತು ಮನೆ ಒಂದು ಫೋನಿನಲ್ಲಿ, ಒಂದೇ ಪಾಸ್‌ವರ್ಡ್‌ನಲ್ಲಿ. ಆ ಫೋನ್ ಬಸ್ಸಿನಲ್ಲಿ ಬಿದ್ದುಹೋದರೆ? ಅವನು ಕೆಲಸ ಬಿಟ್ಟು ಇನ್ನೊಬ್ಬನಿಗೆ ಕೊಟ್ಟರೆ?

ಹಾಗಾಗಿ ಕ್ಯಾಮೆರಾ ಹಾಕಿಸುವ ದಿನವೇ ಎದುರಿಗೆ ಕೂತು ನಿಮ್ಮ ಇಮೇಲ್‌ನಿಂದ, ನಿಮ್ಮ ಫೋನಿನಲ್ಲಿ ಅಕೌಂಟ್ ಮಾಡಿಸಿ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಈಗಾಗಲೇ ಅವರ ಹೆಸರಿನಲ್ಲಿ ಇದ್ದರೆ ಅವರಿಂದಲೇ ತೆಗೆಸಬೇಕು, ಯಾಕೆಂದರೆ ಎಷ್ಟೋ ಆ್ಯಪ್‌ಗಳಲ್ಲಿ ಹಳೇ ಮಾಲೀಕ ಬಿಡುವ ತನಕ ಹೊಸಬರು ಸೇರಿಸಿಕೊಳ್ಳಲು ಆಗುವುದಿಲ್ಲ. ನಯವಾಗಿ ಹೇಳಿ, ಮಾಡಿಕೊಡುತ್ತಾರೆ. ಆಮೇಲೆ ರೆಕಾರ್ಡರ್‌ನ ಪಾಸ್‌ವರ್ಡನ್ನೂ ಬದಲಿಸಿ. ಅದು ಬೇರೆ, ಆ್ಯಪ್‌ನದು ಬೇರೆ.

ಅಪ್ಪ ಅಮ್ಮನ ಮನೆಯ ಒಳಗೆ ಕ್ಯಾಮೆರಾ ಹಾಕಬಹುದಾ? ಅವರ ಒಳ್ಳೇದಕ್ಕೇ ಅಲ್ವಾ?

ನನ್ನನ್ನು ಜಾಸ್ತಿ ಜನ ಕೇಳುವುದು ಇದನ್ನು. ಅಮೆರಿಕದಿಂದ, ದುಬೈಯಿಂದ, ಬೆಂಗಳೂರಿನಿಂದ.

ಅಮ್ಮನ ವಿಷಯವೇ ಮುಂದುವರಿಸುತ್ತೇನೆ. ನಡುಮನೆಯ ಕ್ಯಾಮೆರಾ ದಿವಾನದ ಕಡೆ ತಿರುಗಿತ್ತು, ಯಾಕೆಂದರೆ ಅಮ್ಮ ಜಾಸ್ತಿ ಇರುವುದು ಅಲ್ಲೇ. ತಲೆಗೆ ಸ್ನಾನ ಮಾಡಿದ ದಿನ ಫ್ಯಾನಿನ ಕೆಳಗೆ ಕೂತು ಕೂದಲು ಆರಿಸಿಕೊಳ್ಳುವುದು ಅಮ್ಮನ ರೂಢಿ. ಮಧ್ಯಾಹ್ನ ಅಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುವುದು, ಸೆರಗು ಸಡಿಲ ಮಾಡಿಕೊಂಡು ಒಂದು ಗಳಿಗೆ ಮಲಗುವುದು. ಗೌರಿ ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಅಮ್ಮ ಅಡುಗೆ ಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಉಣ್ಣುತ್ತಿದ್ದಾರೆ. ಯಾಕಮ್ಮಾ ಅಂದೆ. "ಅಲ್ಲಿ ಅದು ಇದೆಯಲ್ಲ" ಅಂದರು. ನಾವೇ ಅಲ್ವೇನಮ್ಮಾ ನೋಡೋದು ಅಂದದ್ದಕ್ಕೆ, "ನೀವು ನೋಡ್ತೀರ ಅಂತ ಅಲ್ಲ ಕಣೇ, ಯಾವಾಗ ನೋಡ್ತೀರ ಅಂತ ಗೊತ್ತಾಗಲ್ವಲ್ಲ" ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಹೊರಗಿನವರು ಕ್ಯಾಮೆರಾ ಹೊಕ್ಕರೆ ಅಂತ ಹೆದರುತ್ತೇವೆ, ಸರಿ. ಆದರೆ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಅದರ ಎದುರು ಬದುಕುವವರಿಗೆ ಅದು ತಮ್ಮ ಮನೆ ಅನ್ನಿಸದಿದ್ದರೆ ನಾವು ಕಾಪಾಡಿದ್ದಾದರೂ ಏನನ್ನು?

ಈಗ ನಾವು ಮಾಡಿರುವುದು ಇಷ್ಟು. ಗೇಟು ಮತ್ತು ಹಿತ್ತಲಿನ ಕ್ಯಾಮೆರಾ ಸದಾ ಆನ್. ನಡುಮನೆಯದ್ದು ಮುಂಬಾಗಿಲ ಕಡೆ ತಿರುಗಿದೆ, ದಿವಾನ ಅದರಲ್ಲಿ ಕಾಣುವುದಿಲ್ಲ. ಅದರ ಕರೆಂಟು ಅಮ್ಮನ ಕೈಗೆ ಸಿಗುವ ಸ್ವಿಚ್ಚಿಗೆ ಕೊಟ್ಟಿದ್ದೇವೆ. ರಾತ್ರಿ ಮಲಗುವಾಗ ಅವರೇ ಹಾಕುತ್ತಾರೆ, ಬೆಳಿಗ್ಗೆ ಅವರೇ ಆರಿಸುತ್ತಾರೆ. ನಾಲ್ಕನೆಯದನ್ನು ಬಿಚ್ಚಿಟ್ಟೆವು. ಜಾರಿ ಬಿದ್ದರೆ ಏನು ಗತಿ ಅಂತ ಅಣ್ಣ ಕೇಳಿದ, ನ್ಯಾಯವೇ. ಬಚ್ಚಲಲ್ಲಿ ಬಿದ್ದರೆ ನಡುಮನೆಯ ಕ್ಯಾಮೆರಾ ಏನೂ ತೋರಿಸುತ್ತಿರಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಪಕ್ಕದ ಮನೆಯ ಆಂಟಿ ಹತ್ತಿರ ಒಂದು ಕೀ ಕೊಟ್ಟೆವು, ದಿನಕ್ಕೆ ಎರಡು ಸಲ ಫೋನ್ ಮಾಡುತ್ತೇವೆ.

ನಿಮ್ಮ ಮನೆಯವರು ಬೇರೆ ತರ ಹೇಳಬಹುದು. ಕ್ಯಾಮೆರಾ ಇದ್ದರೇ ಧೈರ್ಯ ಅನ್ನುವ ಹಿರಿಯರೂ ಇದ್ದಾರೆ. ಕೇಳಿ ಹಾಕಿ, ಅಷ್ಟೇ. ಹಾಕಿದ ಮೇಲೆ ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ಕೇಳಿ, ಯಾಕೆಂದರೆ ಮೊದಲ ಸಲ ಮಕ್ಕಳ ಮಾತಿಗೆ ಹೂಂ ಅಂದುಬಿಟ್ಟಿರುತ್ತಾರೆ.

ಮನೆಯಲ್ಲಿ ಒಬ್ಬರು ಬೇಡ ಅಂದರೆ ಕಾನೂನು ಏನು ಹೇಳುತ್ತೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಮನೆಯೊಳಗಿನ ಕ್ಯಾಮೆರಾವರೆಗೂ ಬಂದಿದೆ. ಒಂದೇ ಮನೆಯಲ್ಲಿ ಇರುವವರ ಒಪ್ಪಿಗೆ ಇಲ್ಲದೆ ಅವರು ವಾಸ ಮಾಡುವ ಭಾಗದಲ್ಲಿ ಸಿಸಿಟಿವಿ ನಡೆಸುವಂತಿಲ್ಲ ಅಂತ ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಅದರ ವಿರುದ್ಧದ ಮೇಲ್ಮನವಿಯನ್ನು ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಪಕ್ಕದ ಮನೆಯವರ ಕ್ಯಾಮೆರಾ ನಿಮ್ಮ ಬಚ್ಚಲ ಕಿಟಕಿ ಕಡೆ ತಿರುಗಿದ್ದರೆ ಮೊದಲು ಹೋಗಿ ಮಾತಾಡಿ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಕೇಳದಿದ್ದರೆ ಲಿಖಿತ ದೂರು ಕೊಡಿ.

ಮನೆ ಕೆಲಸದವರಿಗೆ ಕ್ಯಾಮೆರಾ ಇದೆ ಅಂತ ಹೇಳಬೇಕಾ?

ಹೇಳಲೇಬೇಕು. ಕೆಲಸಕ್ಕೆ ಬಂದ ಮೊದಲ ದಿನವೇ, ಎಲ್ಲಿ ಎಲ್ಲಿ ಇದೆ ಅಂತ ಕೈ ತೋರಿಸಿ. ಅವರು ಬಟ್ಟೆ ಬದಲಿಸಲು, ಮಗುವಿಗೆ ಹಾಲು ಕೊಡಲು ಕ್ಯಾಮೆರಾ ಇಲ್ಲದ ಒಂದು ಜಾಗ ಇರಲಿ.

ಯಾವ ಕ್ಯಾಮೆರಾ ತಗೋಬೇಕು?

ಭಾರತದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡುವ ನಿಯಮ 2024ರ ಏಪ್ರಿಲ್‌ನಲ್ಲಿ ಹೊರಬಿತ್ತು, 2025ರ ಏಪ್ರಿಲ್ 9ರಿಂದ ಜಾರಿಗೆ ಬಂತು. ಎಸ್‌ಟಿಕ್ಯೂಸಿ ಅನ್ನುವ ಸರ್ಕಾರಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ. ಹಳೇ ಸ್ಟಾಕ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲರೂ ಊಹಿಸಬಲ್ಲ ಕಾರ್ಖಾನೆ ಪಾಸ್‌ವರ್ಡ್ ಇಟ್ಟು ಇಂಥ ಸಾಮಾನು ಮಾರುವುದಕ್ಕೇ ಕಾನೂನಿನ ನಿಷೇಧ ಇದೆ.

ನಾನು ನೋಡುವುದು ಮೂರು: ಎರಡು ಹಂತದ ಲಾಗಿನ್ ಇದೆಯಾ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಹೇಳಿದ್ದಾರಾ, ಕ್ಲೌಡ್, ಅಂದರೆ ಕಂಪನಿಯ ಕಂಪ್ಯೂಟರ್, ಇಲ್ಲದೆ ಬರೀ ಮೆಮೊರಿ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತದೆಯಾ. ಕಾರ್ಡನ್ನು ಕಳ್ಳ ಕ್ಯಾಮೆರಾ ಸಮೇತ ಕಿತ್ತುಕೊಂಡು ಹೋಗಬಹುದು, ಅದೊಂದು ಕೊರತೆ. ಗೇಟಿನದ್ದು ಕ್ಲೌಡ್‌ನಲ್ಲಿ, ಒಳಗಿನದ್ದು ಕಾರ್ಡಿನಲ್ಲಿ ಇಟ್ಟರೆ ಸಾಕು.

ರೂಟರ್‌ನಲ್ಲಿ ಏನು ಮಾಡಬೇಕು? ನೆಟ್‌ನವರು ಬಂದು ಹಾಕಿಹೋಗಿದ್ದಾರೆ.

ಅವರು ಹಾಕಿಹೋದ ಹಾಗೇ ಇರುವುದೇ ತೊಂದರೆ. ರೂಟರ್‌ಗೆ ಎರಡು ಪಾಸ್‌ವರ್ಡ್. ವೈಫೈ ಸೇರಲು ಒಂದು, ರೂಟರ್‌ನ ಸೆಟ್ಟಿಂಗ್ ತೆಗೆಯಲು ಇನ್ನೊಂದು. ಮೊದಲನೆಯದು ನಮ್ಮಲ್ಲಿ ಸಾಮಾನ್ಯವಾಗಿ ಮನೆಯವರ ಮೊಬೈಲ್ ನಂಬರ್, ಎರಡನೆಯದು ಅಡ್ಮಿನ್. ಎರಡನ್ನೂ ಬದಲಿಸಿ. ಫೋನ್ ವೈಫೈಗೆ ಸೇರಿರುವಾಗ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿದರೆ ಸಾಮಾನ್ಯವಾಗಿ ಸೆಟ್ಟಿಂಗ್ ಪುಟ ಬರುತ್ತದೆ, ಸರಿಯಾದ ವಿಳಾಸ ರೂಟರ್‌ನ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಅಲ್ಲೇ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹಾಕದೆ ಬಟನ್ ಅಥವಾ ಪಿನ್‌ನಿಂದ ವೈಫೈ ಸೇರಿಸುವುದು) ಮತ್ತು ಯುಪಿಎನ್‌ಪಿ ಅಂತ ಎರಡು ಇರುತ್ತವೆ, ಎರಡನ್ನೂ ಆಫ್ ಮಾಡಿ. ಯುಪಿಎನ್‌ಪಿ ಆನ್ ಇದ್ದರೆ ಕ್ಯಾಮೆರಾ ನಿಮ್ಮನ್ನು ಕೇಳದೆ ತಾನೇ ಹೊರಗಿನ ಬಾಗಿಲು ತೆಗೆಸಿಕೊಳ್ಳಬಹುದು.

ಇನ್ನೊಂದು ಒಳ್ಳೇ ಉಪಾಯ ಗೆಸ್ಟ್ ವೈಫೈ. ಕ್ಯಾಮೆರಾ, ಟಿವಿ, ಬಲ್ಬು ಎಲ್ಲ ಅದಕ್ಕೆ ಸೇರಿಸಿ. ಬ್ಯಾಂಕಿನ ಆ್ಯಪ್ ಇರುವ ಫೋನು, ಲ್ಯಾಪ್‌ಟಾಪ್ ಮುಖ್ಯ ವೈಫೈಯಲ್ಲಿ ಇರಲಿ. ಒಂದು ಕೆಟ್ಟರೆ ಇನ್ನೊಂದಕ್ಕೆ ಕೈ ಹಾಕುವುದು ಕಷ್ಟವಾಗುತ್ತದೆ. ಫೋನಿನಿಂದ ಟಿವಿಗೆ ಚಿತ್ರ ಕಳಿಸುವುದು ಆಗ ನಡೆಯದೇ ಇರಬಹುದು, ಅದು ಬೇಕೇ ಬೇಕು ಅಂದರೆ ಟಿವಿ ಮಾತ್ರ ಇತ್ತ ಇಟ್ಟುಕೊಳ್ಳಿ.

ವೈಫೈ ಪಾಸ್‌ವರ್ಡ್ ಬದಲಿಸಿದರೆ ಮನೆಯ ಎಲ್ಲ ಸಾಮಾನನ್ನೂ ಮತ್ತೆ ಸೇರಿಸಬೇಕು. ಈ ತಲೆನೋವಿಗೇ ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಕೂತರೆ ಮುಗಿಯುತ್ತದೆ.

ಸ್ಪೀಕರ್ ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಾ?

ಕರೆಯುವ ಹೆಸರಿಗಾಗಿ ಸದಾ ಕಿವಿ ಕೊಟ್ಟಿರುತ್ತದೆ. ಅದನ್ನು ಗುರುತಿಸುವ ಕೆಲಸ ಸ್ಪೀಕರ್ ಒಳಗೇ ನಡೆಯುತ್ತದೆ. ಹೆಸರು ಕೇಳಿತು ಅನ್ನಿಸಿದ ಮೇಲೆ ಮಾತ್ರ ಮಾತು ಕಂಪನಿಯ ಕಂಪ್ಯೂಟರ್‌ಗೆ ಹೋಗುತ್ತದೆ. ಎಡವಟ್ಟು ಆಗುವುದು ಆ "ಅನ್ನಿಸಿದ" ಕಡೆಯೇ. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಗಂಡ ಹೆಂಡತಿ ಮನೆಯಲ್ಲಿ ಆಡಿಕೊಂಡ ಮಾತು, ಅಮೆಜಾನ್ ಕಂಪನಿಯ ಅಲೆಕ್ಸಾ ಸ್ಪೀಕರ್ ತಪ್ಪು ತಿಳಿದು ರೆಕಾರ್ಡ್ ಆಗಿ, ಗಂಡನ ಪರಿಚಯದವರೊಬ್ಬರಿಗೆ ಹೋಗಿಬಿಟ್ಟಿತ್ತು. ಮಕ್ಕಳ ಧ್ವನಿಯ ರೆಕಾರ್ಡಿಂಗ್‌ಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದಲ್ಲಿ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು.

ದುಡ್ಡಿನ ವಿಷಯ, ಆಸ್ತಿ ವಿಷಯ ಮಾತಾಡುವಾಗ ಮೇಲಿನ ಮೈಕ್ ಬಟನ್ ಒತ್ತಿ. ಆ್ಯಪ್‌ನಲ್ಲಿ ಹಳೇ ಮಾತುಗಳ ಪಟ್ಟಿ ಇರುತ್ತದೆ, ಒಂದು ಸಲ ತೆಗೆದು ಕೇಳಿ. ನೀವು ಕರೆಯದೇ ರೆಕಾರ್ಡ್ ಆದದ್ದು ಇದೆಯಾ ಅಂತ ಗೊತ್ತಾಗುತ್ತದೆ.

ಟಿವಿಯಿಂದ ಏನಾಗುತ್ತೆ?

ನೀವು ಏನು ನೋಡುತ್ತೀರಿ ಅನ್ನುವ ಲೆಕ್ಕ ಹೋಗುತ್ತದೆ. ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಕೇಳದೆ ಲೆಕ್ಕ ತೆಗೆದು 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತು. ಸೆಟ್ಟಿಂಗ್‌ನಲ್ಲಿ ನೋಡಿದ್ದರ ಮಾಹಿತಿ, ಜಾಹೀರಾತು ಅಂತ ಬರುವ ಆಯ್ಕೆಗಳನ್ನು ಆಫ್ ಮಾಡಿ.

ನನಗೆ ಜಾಸ್ತಿ ಭಯ ಇರುವುದು ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳ ಮೇಲೆ. ಎಲ್ಲ ಚಾನೆಲ್ ಫ್ರೀ ಅಂತ ಮಾರುತ್ತಾರಲ್ಲ, ಅವು. ಬ್ಯಾಡ್‌ಬಾಕ್ಸ್ 2.0 ಅನ್ನುವ ಜಾಲದ ಬಗ್ಗೆ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಕೊಟ್ಟಿತು. ಕೆಲವು ಬಾಕ್ಸ್‌ಗಳಲ್ಲಿ ಕಳ್ಳ ಪ್ರೋಗ್ರಾಂ ಕೊಳ್ಳುವ ಮೊದಲೇ ಕೂತಿರುತ್ತದೆ. ಆಮೇಲೆ ಬೇರೆ ಯಾರೋ ಮಾಡುವ ವಂಚನೆ ನಿಮ್ಮ ಮನೆಯ ಇಂಟರ್ನೆಟ್ ವಿಳಾಸದ ಮೂಲಕ ಹಾದುಹೋಗುತ್ತದೆ. ವಿಚಾರಿಸಲು ಬರುವವರು ನಿಮ್ಮ ಮನೆಗೆ ಬರುತ್ತಾರೆ. ಅಂಥದ್ದು ಇದ್ದರೆ ಪ್ಲಗ್ ಕಿತ್ತುಬಿಡಿ.

ಹಳೇ ಕ್ಯಾಮೆರಾ ಮಾರಬಹುದಾ?

ಆ್ಯಪ್‌ನಿಂದ ತೆಗೆದು, ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ನೀವೇ ಇಟ್ಟುಕೊಂಡು ಮಾರಿ. ರೆಕಾರ್ಡರ್ ಆದರೆ ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ.

ಮನೆಯ ದೃಶ್ಯ ಹೊರಗೆ ಹೋಗಿದೆ. ಈಗ ಏನು ಮಾಡಬೇಕು?

ಕ್ಯಾಮೆರಾದ ಕರೆಂಟು ತೆಗೆಯಿರಿ, ಆದರೆ ಅದನ್ನು ಎಸೆಯಬೇಡಿ, ರೀಸೆಟ್ ಮಾಡಬೇಡಿ. ರೀಸೆಟ್ ಮಾಡಿದರೆ ಯಾರು ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ ಹೋಗಿಬಿಡಬಹುದು. ದೃಶ್ಯ ಎಲ್ಲಿ ಕಂಡಿತೋ ಆ ಲಿಂಕ್, ಹಾಕಿದವರ ಹೆಸರು, ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಯಾರಿಗೂ ಫಾರ್ವರ್ಡ್ ಮಾಡಬೇಡಿ, "ನೋಡಿ ಹೀಗಾಗಿದೆ" ಅಂತ ತೋರಿಸಲೂ ಬೇಡ. ಬೇರೆ ಫೋನಿನಿಂದ ಎಲ್ಲ ಪಾಸ್‌ವರ್ಡ್ ಬದಲಿಸಿ.

ದೂರು ಕೊಡಲು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಇದೆ. ಅಲ್ಲಿ ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಬೇರೆ ಭಾಗವೇ ಇದೆ, ಹೆಸರು ಹೇಳದೆಯೂ ಕೊಡಬಹುದು. ದುಡ್ಡು ಕೇಳಿ ಹೆದರಿಸಿ ಕಿತ್ತುಕೊಂಡಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸಿಇಎನ್ ಪೊಲೀಸ್ ಠಾಣೆ ಇರುತ್ತದೆ, ಸೈಬರ್ ಕೇಸು ನೋಡುವುದು ಅವರೇ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಂ ಅಡಿ ಅಪರಾಧ, ಮೂರು ವರ್ಷದ ತನಕ ಜೈಲು. ಅಂಥ ಚಿತ್ರ ಅಳಿಸಿ ಅಂತ ಅದರಲ್ಲಿರುವವರು ದೂರು ಕೊಟ್ಟರೆ ಸೋಶಿಯಲ್ ಮೀಡಿಯಾ ಕಂಪನಿ ಎರಡು ಗಂಟೆ ಮೀರಿ ಉಳಿಸಿಕೊಳ್ಳುವಂತಿಲ್ಲ, ಐಟಿ ನಿಯಮದಲ್ಲೇ ಇದೆ (2026ರ ಫೆಬ್ರವರಿಗೆ ಮೊದಲು ಒಂದು ದಿನ ಇತ್ತು). ಹಾಗಾಗಿ ಠಾಣೆಗೂ ಕಂಪನಿಗೂ ಒಂದೇ ದಿನ ದೂರು ಹಾಕಿ.

ಚಿತ್ರದಲ್ಲಿರುವುದು ನಿಮ್ಮ ಅಮ್ಮನೋ, ತಂಗಿಯೋ, ಮನೆ ಕೆಲಸದವರೋ ಆಗಿದ್ದರೆ ಮುಚ್ಚಿಡಬೇಡಿ, ಮೊದಲು ಅವರಿಗೆ ಹೇಳಿ. ಅವರು ಠಾಣೆಗೆ ಹೋಗುವಾಗ ಜೊತೆಗೆ ಹೋಗಿ. ಕ್ಯಾಮೆರಾ ತಂದು ಹಾಕಿದವರು ನಾವು, ಉತ್ತರ ಹೇಳುವ ಭಾರ ಅವರ ಮೇಲೆ ಬೀಳಬಾರದು.